ಹರಕೆ ತಗಡಿನ ಮುಖ

ಸಾನ್ ಹೆಲಾಸಿಯೊ
ಮಾರ್ಚ್ 14, ಬುಧವಾರ ಮಧ್ಯಾಹ್ನ

ನನ್ನ ಬಂಗಾರದಂಥ ಮಗಳು ಹಸಿಂತಾಗೆ, ನಿನ್ನಪ್ಪನ ಮುತ್ತುಗಳು.

ಮೊಣಕಾಲು ನೋವು ಹಾಗೇ ಇದೆ. ನಿಮ್ಮಮ್ಮನ ಜೆರೇನಿಯಂ ಮೂರು ಮೊಗ್ಗು ಬಿಟ್ಟಿದೆ. ಇದನ್ನು ಹೇಳಲು ಕೂತದ್ದಲ್ಲ, ಹೇಳಬೇಕಾದದ್ದಕ್ಕೆ ಬರುವ ಮುಂಚೆ ಏನೋ ಗೀಚುತ್ತಿದ್ದೇನೆ. ಕಾಲೇಜಿನಲ್ಲಿ ನಾನು 'ಐ ಹ್ಯಾವ್ ಫಿಯರ್' ಎಂದು ಬರೆದರೆ ಇಂಗ್ಲಿಷ್ ಮೇಷ್ಟ್ರು ಕೆಂಪು ಶಾಯಿಯಲ್ಲಿ 'ಐ ಆ್ಯಮ್ ಅಫ್ರೇಡ್' ಎಂದು ತಿದ್ದುತ್ತಿದ್ದರು. ಯಾಕೆ ಅಂತಲೂ ಹೇಳಿದ್ದರು, ಮರೆತಿದೆ. ಇರಲಿ.

ಕಸಿಲ್ಡಾ ಗೊತ್ತಲ್ಲ, ಮಾರ್ಕೆಟ್ಟಿನ ಮೂಲೆಯಲ್ಲಿ ಜೋಳದ ಕಡುಬು, ತಮಾಲೆ ಮಾರುವವಳು. ಗಾರೆ ಕೆಲಸ ಮುಗಿಸಿ ಮನೆಗೆ ನಡೆದು ಬರುತ್ತಿದ್ದ ಅವಳ ಗಂಡ ನಾಬೋರನನ್ನು ಜನವರಿಯಲ್ಲಿ ಹೊತ್ತೊಯ್ದರು. ಯಾರು ಅಂತ ಕೇಳಬೇಡ, ಇಲ್ಲಿ ಯಾರೂ ಕೇಳುವುದಿಲ್ಲ. ಐದನೇ ದಿನ ಹೆದ್ದಾರಿ ಬದಿಯಲ್ಲಿ ಬಿಟ್ಟುಹೋದರು, ಜೀವಂತ. ಗಂಡ ಬದುಕಿ ಬಂದರೆ ನಡೆದದ್ದನ್ನು ತಗಡಿನ ಮೇಲೆ ಚಿತ್ರ ಬರೆಸಿ ಚರ್ಚಿನ ಗೋಡೆಗೆ ಹಾಕುತ್ತೇನೆಂದು ಕಸಿಲ್ಡಾ ಮಾತೆಗೆ ಹರಕೆ ಹೊತ್ತಿದ್ದಳು. ಹರಕೆ ತಗಡು ಅಂದರೆ ಎಲ್ಲರೂ ಬರುವುದು ನನ್ನ ಹತ್ತಿರವೇ. ನಿಮ್ಮಮ್ಮ ಹೋದ ಮೇಲೆ ಈ ಮನೆಗೆ ಕಾಲಿಟ್ಟವರೂ ಅವರೇ. ಕೂರುತ್ತಾರೆ, ಹೇಳುತ್ತಾರೆ. ಬಾಗಿಲು ಯಾವ ಬಣ್ಣ, ನಾಯಿ ಎಲ್ಲಿತ್ತು ಎಂದು ನಾನು ಕೆದಕುತ್ತೇನೆ. ಅತ್ತು ಹಗುರಾಗಿ ಹೋಗುತ್ತಾರೆ. ಅವತ್ತು ನನಗೂ ಊಟ ರುಚಿಸುತ್ತದೆ.

"ಅವರ ಮುಖ ಬೇಡ ದೊನ್ ಅನ್ಸೆಲ್ಮೊ, ಬರೀ ಬೆನ್ನು ಬರೀರಿ ಸಾಕು" ಅಂದಿದ್ದಳು ಕಸಿಲ್ಡಾ. ಆಯ್ತಮ್ಮಾ ಅಂದಿದ್ದೆ.

ಆದರೆ ವಾಪಸ್ ಬಂದಾಗಿನಿಂದ ತುಟಿ ಬಿಚ್ಚದ ನಾಬೋರ್ ನನ್ನೆದುರು ಮೂರು ಮಧ್ಯಾಹ್ನ ಮಾತಾಡಿದ. ತಲೆಗೆ ಗೋಣಿಚೀಲ ಹಾಕುವ ಮುಂಚೆ ಒಬ್ಬನನ್ನು ನೋಡಿದ್ದನಂತೆ. ಎಡಗಿವಿಯ ತುದಿ ಹರಿದಿತ್ತಂತೆ, ನಕ್ಕರೆ ತುಟಿ ಒಂದೇ ಕಡೆ ಏಳುತ್ತಿತ್ತಂತೆ. ಮಗಳೇ, ಬೆನ್ನು ಬರೆಯಲು ಕುಂಚ ಎತ್ತಿದವನು ಮುಖ ಬರೆದೆ. ಅಷ್ಟು ಚೆನ್ನಾಗಿ ನನಗೆ ಯಾವತ್ತೂ ಬಂದಿರಲಿಲ್ಲ. ನಾಬೋರ್ ನೋಡಿ "ಅವನೇ" ಅಂದು ಗೋಡೆಗೊರಗಿದ. ನಾನು ಅದನ್ನು ಹೊಗಳಿಕೆ ಅಂದುಕೊಂಡೆ! ಕಸಿಲ್ಡಾ ತಗಡನ್ನು ಬಟ್ಟೆಯಲ್ಲಿ ಸುತ್ತುತ್ತ, "ಮಾತೆಗೆ ಈ ಭಾನುವಾರ ಅಂತ ಮಾತು ಕೊಟ್ಟಾಗಿದೆ, ಇನ್ನೇನು ಮಾಡೋದು" ಎಂದು ಒಯ್ದಳು. ಕೆಳಗೆ ವಾಡಿಕೆಯಂತೆ ಅವಳ ಪೂರ್ತಿ ಹೆಸರು, ಬೀದಿ.

ನಿನ್ನೆ ಚರ್ಚು ಗುಡಿಸುವ ತೆಯೋಫಿಲಾ ಏದುಸಿರು ಬಿಡುತ್ತ ಬಂದಳು. ಒಬ್ಬ ಟೋಪಿ ಕೈಯಲ್ಲಿ ಹಿಡಿದು ತಗಡಿನ ಮುಂದೆ ನಿಂತೇ ಇದ್ದನಂತೆ. "ಯಾರಜ್ಜಿ ಇದನ್ನ ಬರೆದೋನು? ಕಿವಿ ನೋಡು, ನಮ್ಮವ್ವ ನೋಡಿದ್ರೂ ಗುರುತು ಹಿಡೀತಾಳೆ!" ಎಂದು ನಕ್ಕನಂತೆ. "ನಾನು ನೆಲ ನೋಡೋಳಪ್ಪ, ಗೋಡೆ ನೋಡೋಳಲ್ಲ" ಅಂದಳಂತೆ ಇವಳು. ಪುಣ್ಯಕ್ಕೆ ಕೆಳಗಿನ ಅಕ್ಷರಗಳನ್ನು ಇವಳಿಟ್ಟ ಹೂದಾನಿ ಮುಚ್ಚಿತ್ತು. ಅವನು ಸರಿಸಲಿಲ್ಲ. "ಶುಕ್ರವಾರ ಹುಡುಗರನ್ನ ಕರ್ಕೊಂಡು ಬರ್ತೀನಿ, ಅವರೂ ನೋಡ್ಲಿ" ಅಂದು ಹೋದನಂತೆ.

ತಗಡು ಇಳಿಸಿಬಿಡೋಣ ಅಂದೆ. "ಖಾಲಿ ಗೋಡೆ ಕಂಡ್ರೆ ನನ್ನ ಕುತ್ತಿಗೆ ಹಿಡೀತಾನೆ. ನಾನು ಕಸಿಲ್ಡಾ ಹೆಸರು ಹೇಳೇಬಿಡ್ತೀನಿ ಮುದುಕಾ, ನಂಗೆ ಅಷ್ಟು ಧೈರ್ಯ ಇಲ್ಲ" ಅಂದಳು. ನಿಜವನ್ನೇ ಹೇಳಿದಳು.

ಅದಕ್ಕೆ ಇವತ್ತು ಬೆಳಿಗ್ಗೆ, ಅವಳು ಚರ್ಚಿನ ಬಾಗಿಲು ಕಾಯುತ್ತಿರುವಾಗ, ಕಸಿಲ್ಡಾಳ ಹೆಸರು, ಬೀದಿ ಕೆರೆದು ನನ್ನ ಹೆಸರು ಬರೆದೆ: 'ಹೊತ್ತೊಯ್ದವರ ಕೈಯಿಂದ ನನ್ನನ್ನು ಉಳಿಸಿದ ತಾಯಿಗೆ, ಅನ್ಸೆಲ್ಮೊ ಬರ್ರಗಾನ್.' ಚಿತ್ರದಲ್ಲಿ ನಾಬೋರನ ಮುಖವನ್ನು ಗೋಣಿಚೀಲ ಪೂರ್ತಿ ಮುಚ್ಚಿದೆ. ಅದು ಯಾರಾದರೂ ಆಗಬಹುದು. ಅವರು ಹೊತ್ತೊಯ್ದದ್ದು ಒಬ್ಬರನ್ನೇ, ಇಬ್ಬರನ್ನೇ, ಅವನಿಗೆಲ್ಲಿ ನೆನಪಿರುತ್ತದೆ.

ಕಸಿಲ್ಡಾ ಅತ್ತಳು. "ನನ್ನ ಹೆಸರೇ ಇಲ್ದೆ ಹರಕೆ ಹೇಗೆ ಸಲ್ಲುತ್ತೆ?"

"ಮಾತೆ ಕೆರೆದದ್ದನ್ನೂ ಓದ್ತಾಳೆ, ಹೋಗು, ಬಟ್ಟೆ ಕಟ್ಕೋ" ಅಂದೆ.

ನಾಳೆ ಬೆಳಗಿನ ಬಸ್ಸಿಗೆ ಗಂಡ ಹೆಂಡತಿ ನಿನ್ನಲ್ಲಿಗೆ ಬರುತ್ತಾರೆ, ಅಂಟಿಸಿದ ಲಕೋಟೆಯಲ್ಲಿ ಈ ಕಾಗದವೂ ಅವರ ಕೈಯಲ್ಲೇ. ಹಿಂದಿನ ಕೋಣೆ ಕೊಡು. ನಾಬೋರ್ ಮತ್ತೆ ಮಾತು ಬಿಟ್ಟರೆ ಗಾಬರಿಯಾಗಬೇಡ, ಅವನ ಎದುರು ಕಾಗದ, ಬಣ್ಣ ಇಟ್ಟು ನೀನು ಸುಮ್ಮನೆ ಏನಾದರೂ ಬರೆಯುತ್ತಿರು. ಸಂಜೆ ಬಸ್ಸಿಗೆ ನಾನೂ ಬರುತ್ತೇನೆಂದು ಅವರಿಗೆ ಹೇಳಿದ್ದೇನೆ.

ನಿನ್ನ ಅಪ್ಪ,
ಅನ್ಸೆಲ್ಮೊ

ಮರೆತಿದ್ದೆ: ನಾನು ಬರುವುದಿಲ್ಲ. ಆ ಹರಿದ ಕಿವಿಯವನು ತಗಡಿನ ಮೇಲಿನ ನನ್ನ ಹೆಸರು ಹಿಡಿದು ಬಂದಾಗ ಮನೆಗೆ ಬೀಗವಿದ್ದರೆ ಬೀದಿಯವರನ್ನು ಕೇಳುತ್ತಾನೆ, ಬೀದಿಯವರಿಗೆ ಅದು ಯಾರ ಹರಕೆ ಎಂದು ಗೊತ್ತು. ಬಾಗಿಲು ತೆಗೆಯಲು ಒಬ್ಬರು ಇರಬೇಕು. ನನಗೆ ತುಂಬ ಭಯವಾಗುತ್ತಿದೆ, ಮಗಳೇ. ಈ ಕಾಗದ ಕಸಿಲ್ಡಾಗೆ ತೋರಿಸಬೇಡ. ಕೇಳಿದರೆ, ಅಪ್ಪನಿಗೆ ಬಸ್ಸು ತಪ್ಪಿತಂತೆ ಅನ್ನು. ನಂಬುತ್ತಾಳೆ, ನಾನು ಎಲ್ಲದಕ್ಕೂ ತಡ ಎಂದು ಊರಿಗೇ ಗೊತ್ತು.