ಅಮ್ಮನನ್ನು ಕರ್ಕೊಂಡು ಹೊರಡು

ಪ್ರೀತಿಯ ಅಕ್ಕನಿಗೆ,

ಈ ಪತ್ರ ಕೈಸೇರಿದ ತಕ್ಷಣ ಅಮ್ಮನನ್ನು ಕರ್ಕೊಂಡು ಸೋದರತ್ತೆ ಮನೆಗೆ ಹೊರಟುಬಿಡು. ಯಾಕೆ ಅಂತ ಅಮ್ಮ ಕೇಳಿದರೆ, ಹವಾ ಬದಲಾವಣೆಗೆ ಅನ್ನು.

ಈ ಕೋರ್ಟಿಗೆ ಕರಿಕೋಟು ಹಾಕ್ಕೊಂಡು ಬಂದ ಮೊದಲ ಹೆಂಗಸು ನನ್ನ ತಂಗಿ ಅಂತ ನೀನು ಊರಿಗೆಲ್ಲ ಹೇಳಿಕೊಂಡು ಬಂದೆ. ನಿಜ ಏನಂದರೆ, ಆರು ವರ್ಷ ನಾನು ಬರೆದದ್ದು ಬರೀ ಅರ್ಜಿ; ವಾದ ಮಾಡಿದ್ದೆಲ್ಲ ಸೀನಿಯರ್ರೇ. ಹೋದ ತಿಂಗಳು ಗಿರಣಿ ಕೆಲಸದವಳೊಬ್ಬಳು, ಧಣಿಯ ಮಗ ತನ್ನ ಮೈಮೇಲೆ ಕೈಹಾಕಿದ ಅಂತ ದೂರು ಕೊಟ್ಟಳು. ಯಾವ ವಕೀಲರೂ ಆ ಕೇಸು ಮುಟ್ಟಲಿಲ್ಲ. ನಾನು ಒಪ್ಪಿಕೊಂಡೆ.

ನಿನ್ನೆ ಧಣಿ ಕಡೆಯವನೊಬ್ಬ ನನ್ನ ಕೋಣೆಗೆ ಬಂದು ಕೂತ. ಬಹಳ ಮರ್ಯಾದೆಯಿಂದ, "ನಿಮ್ಮ ತಾಯಿಯವರು ಬೆಳಿಗ್ಗೆ ಕೋಲೂರಿಕೊಂಡು ಒಬ್ಬರೇ ಹಾಲಿನಂಗಡಿಗೆ ಹೋಗ್ತಾರಲ್ಲಮ್ಮಾ, ಎಲ್ಲಾದ್ರೂ ಕಾಲು ಜಾರೀತು," ಅಂದ.

ಅವನು ಹೋದ ಮೇಲೆ, ಕೇಸು ಬಿಡ್ತೀನಿ ಅಂತ ಬರೆದು, ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಆ ಗಿರಣಿಯವಳಿಗೆ ಹೇಳೋಕೆ ಹೋದೆ. ನನ್ನ ಮುಖ ನೋಡಿದವಳೇ, "ನಿಮ್ಮನ್ನೂ ಹೆದರಿಸಿದ್ರಾ ವಕೀಲಮ್ಮ?" ಅಂದು, ನಾನು ಕೂರಲಿ ಅಂತ ಪಕ್ಕಕ್ಕೆ ಸರಿದಳು. ಕೂತೆ. ಕಾಗದ ಹರಿದುಹಾಕಿದೆ.

ಇವತ್ತು ನ್ಯಾಯಾಧೀಶರು, "ನಿಮ್ಮ ಸೀನಿಯರ್ ಎಲ್ಲಿ?" ಅಂದರು. "ಈ ಕೇಸಿಗೆ ನಾನೇ, ಸ್ವಾಮಿ," ಅಂದೆ. ಮೇಜು ಹಿಡಿದುಕೊಂಡೇ ವಾದ ಶುರುಮಾಡಿದೆ. ಉಳಿದದ್ದು ಸೋಮವಾರಕ್ಕೆ.

ಧೈರ್ಯ ಹೇಳಿ ಉದ್ದ ಕಾಗದ ಬರೀಬೇಡ. ಅಮ್ಮ ಅಲ್ಲಿಗೆ ಸೇರಿದರು ಅಂತ ಒಂದು ತಂತಿ ಕಳಿಸು. ಅದು ಬಂದರೆ ಮೇಜು ಹಿಡಿಯದೆ ನಿಲ್ಲುತ್ತೇನೆ.

ನಿನ್ನ,
ತಂಗಿ