ಇಂಜಿನ್ ಇಲ್ಲದ ಮೊಸ್ಕ್ವಿಚ್

ಭಾನುವಾರ, 21 ಆಗಸ್ಟ್ 1994
ಸಂಜೆ. ಕರೆಂಟಿಲ್ಲ. ಬೆಳಕಿರುವಷ್ಟರಲ್ಲಿ ಮುಗಿಸಬೇಕು.

ಪ್ರೀತಿಯ ಹಲೀನಾ,

ಈ ಕಾಗದ ಅಂಚೆಯಲ್ಲಿ ಬರುತ್ತಿಲ್ಲ. ಕಟ್ಟುವ ಕೆಲಸ ಅರ್ಧಕ್ಕೆ ನಿಂತ ನಮ್ಮ ಅಣುಸ್ಥಾವರದಲ್ಲಿ ಉಳಿದಿದ್ದ ಕೊನೆಯ ರಷ್ಯನ್ ವಿಕ್ತೋರ್ ಮಂಗಳವಾರ ಊರಿಗೆ ಹೊರಡುತ್ತಾನೆ. ಒಡೆಸ್ಸಾಕ್ಕೆ ತಲುಪಿಸುವ ಹೊಣೆ ಅವನದು. ನಡುವೆ ಯಾರೂ ಒಡೆದು ಓದಲಾರರು, ಹಾಗಾಗಿ ಈ ಸಲ ಮನಸ್ಸಿನಲ್ಲಿರುವುದನ್ನು ಬರೆಯಬಹುದು. ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು. ಒಲೆಯಲ್ಲಿ ಬಲಗೈ ಸುಟ್ಟುಕೊಂಡೆ, ಎಡಗೈಯಲ್ಲಿ ಬರೆಯುತ್ತಿದ್ದೇನೆ.

ಮೊದಲು ಲೆಸ್ಯಾಳ ಪ್ರಶ್ನೆ. ಪೆಟ್ರೋಲು ಇಲ್ಲದಿದ್ದರೆ ಅಪ್ಪನ ಕಾರು ಅಣುಶಕ್ತಿಯಿಂದ ಓಡಬಾರದೇಕೆ, ಡಿಸೆಂಬರಿನಲ್ಲಿ ನಮ್ಮನ್ನು ವಿಮಾನ ನಿಲ್ದಾಣದಿಂದ ಕರೆದೊಯ್ಯಲು ಹೇಗೆ ಬರುತ್ತಾನೆ ಎಂದು ಕೇಳಿದ್ದಾಳೆ. ಓಡುತ್ತದೆ ಎಂದು ಹೇಳು. ಆದರೆ ಅದರ ಪಕ್ಕದಲ್ಲಿ ಕೂರುವುದಕ್ಕಾಗುವುದಿಲ್ಲ. ಕೂರಬೇಕೆಂದರೆ ನಡುವೆ ದಪ್ಪ ಗೋಡೆ ಕಟ್ಟಬೇಕು. ಆ ಗೋಡೆಯ ಭಾರವನ್ನು ಹಡಗು ಹೊತ್ತೀತು, ನಮ್ಮ ಪುಟ್ಟ ಮೊಸ್ಕ್ವಿಚ್ ಕಾರು ಹೊರಲಾರದು. ಇನ್ನೂ ಒಂದು ತೊಂದರೆಯಿದೆ. ಕೀಲಿ ತಿರುಗಿಸಿ ಇಳಿದು ಹೋದರೂ ಅದು ತಣ್ಣಗಾಗುವುದಿಲ್ಲ, ಯಾರಾದರೂ ಪಕ್ಕದಲ್ಲಿದ್ದು ತಣಿಸುತ್ತಲೇ ಇರಬೇಕು. ಅಪ್ಪನಿಗೆ ಅಂಥದ್ದೊಂದು ಮನೆಯಲ್ಲಿತ್ತು, ಅವನು ಸರಿಯಾಗಿ ನೋಡಿಕೊಳ್ಳಲಿಲ್ಲ ಎಂಬುದನ್ನು ಅವಳಿಗೆ ಹೇಳಬೇಡ. ಅದು ನಿನಗೆ.

ಇಲ್ಲಿ ಡೊಮಿನೊ ಆಡುವವರೂ ದಿನಾ ಅದನ್ನೇ ಕೇಳುತ್ತಾರೆ. “ಏನು ಇಂಜಿನಿಯರೇ, ಮೊಸ್ಕ್ವಿಚ್‌ಗೆ ಇನ್ನೂ ಅಣು ತುಂಬಿಸ್ಲಿಲ್ವಾ?” ನಾನು ನಕ್ಕು ಮುಂದೆ ಹೋಗುತ್ತಿದ್ದೆ. ಸ್ಥಾವರದಲ್ಲಿ ಟರ್ಬೈನಿನ ದಂಡ ಬಾಗದಿರಲೆಂದು ವಾರಕ್ಕೊಮ್ಮೆ ನಾವೇ ಕೈಯಿಂದ ಸ್ವಲ್ಪ ತಿರುಗಿಸಿಡುತ್ತೇವೆ. ಮನೆಗೆ ಬಂದು ಕಾರನ್ನೂ ಒಂದು ಗಜ ತಳ್ಳಿಡುತ್ತೇನೆ, ಟೈರು ಒಂದೇ ಕಡೆ ಕೂತು ಹಾಳಾಗದಿರಲಿ ಎಂದು. ಡಿಸೆಂಬರಿಗೆ ಬೇಕಲ್ಲ.

ಗುರುವಾರ ವಿದಾಲ್ ಬಂದ. ಕೆಲಸಗಾರರ ಬಸ್ಸು ಓಡಿಸುತ್ತಿದ್ದವನು, ನೀನು ಬಲ್ಲೆ. ಡೀಸೆಲ್ ನಿಂತ ಮೇಲೆ ಬಸ್ಸೂ ಇಲ್ಲ, ಸಂಬಳವೂ ಇಲ್ಲದಂತೆಯೇ. ಶೆಡ್ಡಿನಲ್ಲಿ ಡ್ರಮ್ಮುಗಳನ್ನು ಕಟ್ಟಿ ದೋಣಿ ಮಾಡಿಕೊಂಡಿದ್ದಾನೆ. ಹೆಂಡತಿ ಕಚಿತಾ, ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ದೇಶ ಬಿಟ್ಟು ಕೇಮನ್ ದ್ವೀಪಕ್ಕೆ ಹೊರಟಿದ್ದಾನೆ. “ಒಂದು ಸಾಮಾನು ಸಿಕ್ಕಿದೆ, ಮುಚ್ಚಳ ಬಿಚ್ಚೋಕೆ ಬರ್ತಿಲ್ಲ, ಬನ್ನಿ” ಎಂದ.

ಹೋಗಿ ನೋಡಿದರೆ ಸೀಸದ ಡಬ್ಬಿ. ವೆಲ್ಡಿಂಗ್ ಪರೀಕ್ಷೆಯ ಕೋಣೆಯಲ್ಲಿದ್ದದ್ದು, ನೀನೇ ಪ್ರತಿ ತಿಂಗಳು ವಿಕಿರಣದ ಮೀಟರ್ ಹಿಡಿದು ಅಳೆಯುತ್ತಿದ್ದದ್ದು. ದೋಣಿಗೆ ಅಣು ಇಂಧನವೆಂದು ಕದ್ದು ತಂದಿದ್ದಾನೆ. ಅದೃಷ್ಟಕ್ಕೆ ಮುಚ್ಚಳ ಬಿಗಿಯಾಗಿತ್ತು.

ಇದು ಇಂಧನವಲ್ಲ, ನಮ್ಮ ಸ್ಥಾವರಕ್ಕೆ ಇಂಧನ ಬಂದೇ ಇಲ್ಲ ಎಂದೆ.

“ಬಂದೇ ಇಲ್ಲ ಅಂತೀರ. ಹಾಗಾದ್ರೆ ಆ ಕೋಣೆಗೆ ಮೂರು ಬೀಗ ಯಾಕ್ರೀ?”

“ಇದು ಕೋಬಾಲ್ಟ್, ವಿದಾಲ್. ವೆಲ್ಡಿಂಗ್ ಬಿರುಕು ಬಿಟ್ಟಿದ್ಯಾ ಅಂತ ನೋಡೋಕೆ. ಇದ್ರಲ್ಲಿ ಒಂದು ಲೋಟ ಕಾಫಿನೂ ಬಿಸಿಯಾಗಲ್ಲ. ಮನುಷ್ಯ ಮಾತ್ರ ಸುಟ್ಟು ಹೋಗ್ತಾನೆ.”

“ಕಾಫಿ ಎಲ್ಲಿದೆ ಬಿಸಿ ಮಾಡೋಕೆ?” ಎಂದಳು ಕಚಿತಾ ಬಾಗಿಲಿನಿಂದ.

ವಿದಾಲ್ ನಗಲಿಲ್ಲ. ಮೆಲ್ಲಗೆ ಹೇಳಿದ: “ಸರಿ, ಅಣು ಬೇಡ. ಒಂದು ಡ್ರಮ್ ಪೆಟ್ರೋಲು ಹೇಗೋ ಹೊಂಚಿಕೊಂಡಿದೀನಿ, ಇಂಜಿನ್ ಇಲ್ಲ. ನಿಮ್ಮ ಮೊಸ್ಕ್ವಿಚ್‌ದು ಕೊಡಿ, ಡಬ್ಬಿ ತಗೊಂಡು ಹೋಗಿ. ಇಲ್ದಿದ್ರೆ ಒಡೆದು ಸೀಸ ತೆಗೀತೀನಿ, ದೋಣಿ ತಳಕ್ಕೆ ಭಾರ ಬೇಕು.”

“ಮಕ್ಕಳು ಸಾಯ್ತಾರೆ ಮಾರಾಯ.”

“ಇಲ್ಲಿದ್ರೆ ಏನು ಬದುಕ್ತಾರಾ, ಹೇಳಿ ನೀವೇ.”

ಪೊಲೀಸರಿಗೆ ಹೇಳಬಹುದಿತ್ತು. ಹೇಳಿದರೆ ಅವನು ಜೈಲಿಗೆ ಹೋಗುತ್ತಾನೆ. ಅವರು ಬರುವುದರೊಳಗೆ ಸಿಟ್ಟಿನಿಂದ ಡಬ್ಬಿಗೆ ಗರಗಸ ಹಾಕಿದರೆ ಬೀದಿಯೆಲ್ಲ ಹೋಗುತ್ತದೆ. ಶೆಡ್ಡಿಗೆ ಬೀಗ ಹಾಕಿಸಿದೆ, ಮಕ್ಕಳನ್ನು ಅವರ ಅಜ್ಜಿಯ ಹತ್ತಿರ ಕಳಿಸಲು ಕಚಿತಾಳನ್ನು ಒಪ್ಪಿಸಿದೆ. ಅಂದಿನಿಂದ ಸೈಕಲ್ಲಿನಲ್ಲಿ ಅಲೆದು ಬೇರೆ ಇಂಜಿನ್ನಿಗಾಗಿ ಕೇಳದ ಮನೆಯಿಲ್ಲ. ಎಲ್ಲರ ಇಂಜಿನ್ನೂ ಇಂಥದೇ ದೋಣಿಗಳಲ್ಲಿ ಸಮುದ್ರಕ್ಕೆ ಹೋಗಿಯಾಗಿದೆ. ವಿದಾಲ್ ಮಂಗಳವಾರ ಹೊರಡುತ್ತಾನೆ.

ಹಾಗಾಗಿ ತೀರ್ಮಾನಿಸಿದ್ದೇನೆ. ನಾಳೆ ಬೆಳಗ್ಗೆ ಇಬ್ಬರೂ ಸೇರಿ ಇಂಜಿನ್ ಇಳಿಸುತ್ತೇವೆ. ಡಬ್ಬಿ ಕಾರಿನ ಡಿಕ್ಕಿಗೆ ಬರುತ್ತದೆ. ಡೊಮಿನೊ ಗೆಳೆಯರು ಕಾರನ್ನು ಸ್ಥಾವರದ ಗೇಟಿನವರೆಗೆ ಎಳೆದುಕೊಡುತ್ತಾರೆ. ಡಬ್ಬಿಯಲ್ಲಿ ಏನಿದೆ ಎಂದು ಅವರಿಗೆ ಹೇಳಿದ್ದೇನೆ. “ಅಂತೂ ಅಣು ತುಂಬಿಸಿದ್ರಿ” ಎಂದ ಒಬ್ಬ. “ಓಡೋದು ಮಾತ್ರ ನಾವು” ಎಂದ ಇನ್ನೊಬ್ಬ. ಹಿಂದಿನಿಂದ ಯಾರೂ ತಳ್ಳಕೂಡದು, ಮುಂದೆ ಉದ್ದದ ಹಗ್ಗ ಕಟ್ಟಿ ದೂರದಿಂದ ಎಳೆಯಬೇಕೆಂದು ಒಪ್ಪಿಸಿದ್ದೇನೆ. ಸ್ಟಿಯರಿಂಗ್ ಹಿಡಿದು ನಾನು ಕೂರುತ್ತೇನೆ. ಕಾವಲಿನವನಿಗೆ ಡಬ್ಬಿ ರಸ್ತೆಯ ಬದಿಯಲ್ಲಿ ಸಿಕ್ಕಿತು ಎನ್ನುತ್ತೇನೆ.

ಡಿಸೆಂಬರಿನಲ್ಲಿ ಬರಬೇಡಿ ಹಲೀನಾ. ಎರಡು ವರ್ಷ ಬಾ ಬಾ ಎಂದು ಬೇಡಿದವನು ನಾನೇ. ಕರೆತರಲು ಕಾರಿಲ್ಲ, ಮನೆಯಲ್ಲಿ ಸಕ್ಕರೆ ನೀರಿನ ಹೊರತು ಏನೂ ಇಲ್ಲ ಎಂದುಕೊಳ್ಳಿ. ನಿನ್ನ ನೀಲಿ ಕೋಟು ಬೀರುವಿನಲ್ಲಿಯೇ ಇದೆ, ಅದನ್ನು ಯಾವುದಕ್ಕೂ ಬದಲಿಸಿಕೊಂಡಿಲ್ಲ.

ಲೆಸ್ಯಾಳ ಹಣೆಗೆ ನನ್ನ ಮುತ್ತು.

ಇನ್ನೂ ನಿನ್ನವನೇ ಆದ
ಎಲಿಯೆಸೆರ್

ಮರೆತದ್ದು: ಈ ಒಂದು ಸಂಗತಿಯನ್ನು ಲೆಸ್ಯಾಗೆ ಓದಿ ಹೇಳಬೇಡ. ಮುಚ್ಚಳ ಬಿಗಿಯಾಗಿರಲಿಲ್ಲ. ವಿದಾಲ್ ಬಿಚ್ಚಲು ಹೆಣಗಿ ಅದನ್ನು ಸಡಿಲಿಸಿದ್ದ. ನಾನು ಡಬ್ಬಿ ಸರಿಸಿದಾಗ ಕಳಚಿ ಬಿತ್ತು, ಒಳಗಿನ ಕೋಬಾಲ್ಟ್ ಹೊರಗೆ ಉರುಳಿತು. ನೀರು ತಾ ಎಂದು ವಿದಾಲ್‌ನನ್ನು ಹೊರಗೆ ಕಳಿಸಿ ಅದನ್ನು ಬಲಗೈಯಿಂದಲೇ ಒಳಗೆ ತುರುಕಿ ಮುಚ್ಚಿದೆ. ತಿರುಪು ಕೂರಲು ತಡವಾಯಿತು. ಅವನಿಗೆ ಗೊತ್ತಿಲ್ಲ. ಅಂದು ರಾತ್ರಿಯೇ ವಾಂತಿ ಶುರುವಾಯಿತು. ಡಬ್ಬಿ ಸ್ಥಾವರದ ಒಳಗೆ ಸೇರಿದ ಮೇಲೆ ಆಸ್ಪತ್ರೆಗೆ ಹೋಗುತ್ತೇನೆ. ಅದರ ಅಳತೆ ನಿನಗೆ ಗೊತ್ತು, ಲೆಕ್ಕ ನೀನೇ ಹಾಕು. ನಾನು ಹಾಕಿ ನೋಡಿದೆ. ಸೀಮೆಎಣ್ಣೆಯಿಲ್ಲದೆ ನಮ್ಮ ಒಲೆ ಉರಿಯದೆ ಎರಡು ತಿಂಗಳಾಯಿತು.