ಕೆಂಪು ಕಡಸಿಗೆ ಶಾರೊಲೆ

ಫೀಲಿಮ್ ಮಾಮ,

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಹದಿನಾರಕ್ಕೇ ಶಾಲೆ ಬಿಟ್ಟವಳ ಅಕ್ಷರ ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಮೂರು ವರ್ಷದಿಂದ ನಮ್ಮ ಕೊಟ್ಟಿಗೆಯ ಗೇಟಿನ ಮೊಳೆಗೆ ನಾನು ಸಿಕ್ಕಿಸಿದ ಚೀಟಿ ಓದಿಯೇ, ಯಾವ ಹಸುವಿಗೆ ಯಾವ ಜಾತಿಯ ಹೋರಿಯ ವೀರ್ಯ ಎಂದು ತಿಳಿದು, ಮನೆಯಲ್ಲಿ ಯಾರೂ ಇಲ್ಲದಿದ್ದರೂ ಗರ್ಭ ಕಟ್ಟಿಸುವ ಕಡ್ಡಿ ಹಾಕಿ ಹೋದವರು ನೀವು.

ಕಳೆದ ಮೇ ತಿಂಗಳ ಆ ಬೆಳಿಗ್ಗೆ ಮಾತ್ರ ನಾನು ಅಲ್ಲೇ ಇದ್ದೆ. ಮೆಲ್ ದೊಡ್ಡಪ್ಪ ಒಲೆಯಲ್ಲಿ ಉರಿಸುವ ಜೌಗುಮಣ್ಣಿನ ಹೆಂಟೆ ಕಡಿಯಲು ಜೌಗಿನ ಕಡೆ ಹೋಗಿದ್ದ. ಹೋಗುವಾಗ ಹೇಳಿದ್ದ: "ಕೆಂಪು ಕಡಸು ಬೆದೆಗೆ ಬಂದಿದೆ. ಲಿಮೋಸಿನ್ ಹೋರಿ ಅಂತ ಬರಿ. ಚೊಚ್ಚಲು, ಕರು ಸಪೂರ ಇರ್ಬೇಕು. ಶಾರೊಲೆ ದಪ್ಪ ಜಾತಿ, ಏನಿದ್ರೂ ಎರಡು ಮೂರು ಹೆತ್ತ ಹಸುಗೆ."

ನಾನು ಶಾರೊಲೆ ಎಂದು ಬರೆದೆ.

ಯಾಕೆ ಎಂದು ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಹಿಂದಿನ ವರ್ಷ ದನದ ಸಂತೆಯಲ್ಲಿ ಯಾರದೋ ಶಾರೊಲೆ ಬೆರಕೆಯ ಕರು ಹರಾಜಿನ ಅಂಕಣದೊಳಗೆ ಬಂತು. ಜೇನಿನ ಬಣ್ಣ, ಬಾಗಿಲಗಲದ ಹಿಂಭಾಗ. ಕಂಬಿಗೆ ಒರಗಿ ನಿಂತಿದ್ದ ಗಂಡಸರೆಲ್ಲ ನೆಟ್ಟಗಾದರು. ಆಮೇಲೆ ನಮ್ಮ ಕರು ಬಂದಾಗ ಅವರು ಚಹಾ ಕುಡಿಯಲು ಹೊರಟುಹೋದರು. ಒಂದೇ ಒಂದು ಸಲ ಅವರು ನನ್ನ ಕರುವಿಗೆ ನೆಟ್ಟಗಾಗಬೇಕಿತ್ತು, ಅಷ್ಟೇ.

ಚೀಟಿ ಓದಿ ನೀವು ಟೋಪಿ ಹಿಂದಕ್ಕೆ ಸರಿಸಿದಿರಿ. "ಏನವ್ವಾ ಸೋರ್ಚಾ, ಚೊಚ್ಚಲ ಕಡಸಿಗೆ ಶಾರೊಲೆನಾ? ಗಿಡ್ಡ ಬಾಗ್ಲಲ್ಲಿ ಬೀರು ತೂರಿಸ್ತೀಯಾ?"

"ದೊಡ್ಡಪ್ಪಂಗೆ ಗೊತ್ತು."

"ಮೆಲ್‌ಗೆ ಗೊತ್ತಾ?"

"ಗೊತ್ತು ಅಂದ್ನಲ್ಲ!"

ನೀವು ನನ್ನ ಮುಖವನ್ನು ಒಂದು ಕ್ಷಣ ನೋಡಿದಿರಿ, ನಂಬಿದಿರಿ. ಸುಳ್ಳು ಹೇಳದ ಹುಡುಗಿ ಎಂದು ಊರಿಡೀ ಹೆಸರಿದೆಯಲ್ಲ ನನಗೆ. ಮಾತು ಒರಟಾದರೂ ನಿಜ ಅನ್ನುತ್ತಾರೆ. ನೀವು ಹೋದ ಮೇಲೆ ಚೀಟಿ ಕಿತ್ತು ಮಳೆಕೋಟಿನ ಜೇಬಿಗೆ ತುರುಕಿದೆ.

ಫೆಬ್ರವರಿಯ ಒಂದು ಮಧ್ಯಾಹ್ನ ಕರುವಿನ ಪಾದ ಕಂಡಿತು. ನನ್ನ ಮೊಣಕೈಯಷ್ಟು ದಪ್ಪ. ಎಳೆದೆವು, ಹಗ್ಗ ಕಟ್ಟಿ ಎಳೆದೆವು. ಕೊನೆಗೆ ಡಾಕ್ಟರು ಬಂದು ಹೊಟ್ಟೆ ಕೊಯ್ದರು. ಕರು ಬದುಕಿತು. ಕೆಂಪಿ ಏಳಲಿಲ್ಲ. ಮಲಗಿದಲ್ಲಿಂದಲೇ ಕರು ನೆಕ್ಕಲು ನಾಲಿಗೆ ಚಾಚಿದಳು, ಎಟುಕಲಿಲ್ಲ. ನಾನು ಕರುವನ್ನು ಹತ್ತಿರ ಎಳೆದುಕೊಟ್ಟೆ. ಮೂರನೇ ದಿನ ಸತ್ತಳು.

ದೊಡ್ಡಪ್ಪ ನೀವು ಬಿಟ್ಟುಹೋಗಿದ್ದ ರಸೀದಿ ಹುಡುಕಿ ತೆಗೆದ. ಶಾರೊಲೆ ಎಂದಿತ್ತು. ಶನಿವಾರ ಸಂತೆಯ ಕ್ಯಾಂಟೀನಿನಲ್ಲಿ, ಎಲ್ಲರೆದುರು, ನಿಮ್ಮ ಮೇಜಿಗೇ ಹೋದ. "ನೀನು ಬಂದ್ರೆ ಟೋಪಿ ಹಾಕ್ಕೊಂಡ ಹೋರಿ ಬಂತು ಅಂತ ನಗಾಡ್ತಿದ್ವಿ, ಕೊನೆಗೆ ನಮಗೇ ಟೋಪಿ ಹಾಕ್ದೆ! ಕಣ್ಣು ಕಾಣ್ದಿದ್ರೆ ಮನೇಲಿರು ಮಾರಾಯ!"

ನೀವು ಸೂಪಿನ ಚಮಚ ಕೆಳಗಿಟ್ಟಿರಿ. "ಇರ್ಬೋದು ಮೆಲ್. ಕಣ್ಣು ಮೊದ್ಲಿನಂಗಿಲ್ಲ."

ನಾನು ಎರಡು ಕುರ್ಚಿ ಆಚೆ ಕೂತಿದ್ದೆ, ಬಾಯಲ್ಲಿ ಆಲೂಗಡ್ಡೆ. ನೀವು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನೋಡಿದ್ದರೆ ಅಲ್ಲೇ ಬಾಯಿಬಿಡುತ್ತಿದ್ದೆ ಎಂದುಕೊಳ್ಳುತ್ತೇನೆ. ಬಿಡುತ್ತಿದ್ದೆನೋ ಇಲ್ಲವೋ, ಅದೂ ಗೊತ್ತಿಲ್ಲ. ಅಂದಿನಿಂದ ಏಳು ಮನೆಯವರು ನಿಮ್ಮನ್ನು ಬಿಟ್ಟು ಬೇರೆಯವನನ್ನು ಕರೆಯುತ್ತಿದ್ದಾರೆ. ನಿಮ್ಮ ಕಾರು ನಮ್ಮ ರಸ್ತೆಯಲ್ಲಿ ಬಂದು ಮೂರು ವಾರವಾಯಿತು.

ಕರುವಿಗೆ ದಿನಕ್ಕೆ ನಾಲ್ಕು ಸಲ ಬಾಟಲಿಯಲ್ಲಿ ಹಾಲು ಕುಡಿಸುತ್ತೇನೆ. ಜೇನಿನ ಬಣ್ಣವೇ. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಾರೆ. ನನಗೆ ನೋಡಲು ಆಗುತ್ತಿಲ್ಲ. ಸಾಕಾಗಿದೆ ಮಾಮ. ನನ್ನ ಮೇಲೆ ಸಿಟ್ಟು ಮಾಡಿಕೊಳ್ಳುವಷ್ಟು ಶಕ್ತಿಯೂ ಉಳಿದಿಲ್ಲ.

ಇವತ್ತು ಬೆಳಿಗ್ಗೆ ಹುಲ್ಲು ಹರಡುವಾಗ ದೊಡ್ಡಪ್ಪನಿಗೆ ಹೇಳಿಬಿಟ್ಟೆ. ಜೇಬಿನ ಚೀಟಿಯನ್ನೂ ತೋರಿಸಿದೆ. ಎರಡು ಸಲ ಓದಿ, ಹುಲ್ಲುಗೋಲನ್ನು ಗೋಡೆಗೆ ಒರಗಿಸಿದ. ಬೈಯುತ್ತಾನೆ ಎಂದುಕೊಂಡೆ.

"ಆ ಮುದುಕ ನನ್ನೆದುರೇ ಸೂಪ್ ಕುಡೀತಾ ಸುಳ್ಳು ಹೇಳಿದ್ನಲ್ಲೇ! ನಿನ್ನ ಉಳಿಸೋಕೆ!" ಅಂದ. ಆಮೇಲೆ ಮೂಗು ಒರೆಸಿಕೊಂಡು, "ಫೋನ್ ಮಾಡ್ಬೇಡ, ಬರಿ. ಕ್ಯಾಂಟೀನಲ್ಲಿ ಬೈದಿದ್ದು ಕ್ಯಾಂಟೀನಲ್ಲೇ ತೊಳೀಬೇಕು. ಅದಕ್ಕೆ ಕಾಗದ ಬೇಕು," ಅಂದ.

ಆದ್ದರಿಂದ ಶನಿವಾರ ಇದನ್ನು ಅಲ್ಲಿ ಗಟ್ಟಿಯಾಗಿ ಓದಿ. ನಿಮಗೆ ಸಂಕೋಚವಾದರೆ ನನ್ನ ಕೈಗೆ ಕೊಡಿ, ನಾನೇ ಓದುತ್ತೇನೆ. ಹಳೆಯ ಚೀಟಿಯನ್ನು ಜೊತೆಗಿಟ್ಟಿದ್ದೇನೆ; ನನ್ನ ಅಕ್ಷರ ಎಂದು ಎಲ್ಲರಿಗೂ ಗೊತ್ತಾಗುತ್ತದೆ.

ಇನ್ನೊಂದು ಚೀಟಿ ಗೇಟಿನ ಮೊಳೆಯಲ್ಲಿದೆ. ಕಪ್ಪು ಹಸು ಮುಂದಿನ ವಾರ ಬೆದೆಗೆ ಬರಬೇಕು. ಬೇರೆಯವರಿಗೆ ಹೇಳಿಲ್ಲ. ಅದರಲ್ಲಿ ಬರೆದಿರುವುದು ಇಷ್ಟೇ: "ಕಪ್ಪು ಹಸು. ಲಿಮೋಸಿನ್. ಮೆಲ್‌ಗೆ ಗೊತ್ತು." ಕೆಳಗೆ ದೊಡ್ಡಪ್ಪನ ಸೊಟ್ಟ ಸಹಿ ಇದೆ. ನಾನೇ ಹಾಕಿಸಿಕೊಂಡೆ.

ಬನ್ನಿ ಮಾಮ. ನಿಮ್ಮ ಕಣ್ಣು ನೂರು ಕಾಲ ತಣ್ಣಗಿರಲಿ.

ಆ ಕಣ್ಣಿಗೆ ಏನೂ ಆಗಿಲ್ಲವೆಂದು ಬಲ್ಲ,
ಸೋರ್ಚಾ